ಮಳೆಯೋ, ಗೀರೋ?

ಟೆಂಟ್ ಸಿನಿಮಾದಲ್ಲಿ ಕುಳಿತು ಬೆಳೆದವರಿಗೆ ನೆನಪಿರಬಹುದು. ಸವೆದ ಪ್ರಿಂಟಿನ ಮೇಲೆ ಉದ್ದುದ್ದ ಗೀರುಗಳು ಓಡತೊಡಗಿದರೆ ಹಿಂದಿನಿಂದ ಯಾರಾದರೊಬ್ಬರು ‘ಮಳೆ ಶುರುವಾಯಿತು’ ಎಂದು ಕೂಗುತ್ತಿದ್ದರು. ಆ ಮಳೆಯನ್ನು ನಿಲ್ಲಿಸುವುದೇ ನನ್ನ ಹೊಟ್ಟೆಪಾಡು. ಹಳೆಯ ಫಿಲ್ಮನ್ನು ಸ್ಕ್ಯಾನ್ ಮಾಡಿ, ಫ್ರೇಮು ಫ್ರೇಮಾಗಿ ದೂಳು ತೆಗೆದು, ಗೀರು ಮುಚ್ಚುವ ಕೆಲಸ. ಹೀಗಾಗಿ ಯಾವ ಡಿಸ್ಕ್ ಕೈಗೆ ಬಂದರೂ ಕಥೆಗಿಂತ ಮೊದಲು ಕಲೆ ಹುಡುಕುವ ಚಟ ಅಂಟಿಕೊಂಡಿದೆ.

ಇತ್ತೀಚೆಗೆ ಅಕ್ಕನ ಮಗ ನ್ಯೂಜೆರ್ಸಿಯಿಂದ ಬರುವಾಗ ‘ಇರ್ಮಾ ವೆಪ್’ ಚಿತ್ರದ ಬ್ಲೂ-ರೇ ತಂದುಕೊಟ್ಟ. ಒಲಿವಿಯೆ ಅಸಾಯಸ್ ನಿರ್ದೇಶನದ 1996ರ ಫ್ರೆಂಚ್ ಚಿತ್ರ. ಆಯ್ದ ಚಿತ್ರಗಳನ್ನು ಡಿಸ್ಕಿನಲ್ಲಿ ತರುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಈ ಡಿಸ್ಕನ್ನು ತಂದದ್ದು 2021ರಲ್ಲಿ. (ತರಿಸಿಕೊಳ್ಳುವವರಿಗೆ ಒಂದು ಮಾತು: ಬ್ಲೂ-ರೇ ಲೆಕ್ಕದಲ್ಲಿ ಅಮೆರಿಕ ‘ಎ’ ವಲಯ, ಭಾರತ ‘ಸಿ’ ವಲಯ. ಎಲ್ಲ ವಲಯಗಳ ಡಿಸ್ಕನ್ನೂ ಓದುವ ಪ್ಲೇಯರ್ ಇಲ್ಲದಿದ್ದರೆ ತಟ್ಟೆ ಗೋಡೆಗೆ ನೇತುಹಾಕಲಷ್ಟೇ ಆಗುತ್ತದೆ.)

ಪ್ಯಾರಿಸ್ಸಿನಲ್ಲಿ ಒಂದು ಶೂಟಿಂಗ್ ದಿನದಿಂದ ದಿನಕ್ಕೆ ಹದಗೆಡುತ್ತ ಹೋಗುವುದೇ ಚಿತ್ರದ ಕಥೆ. ಲೂಯಿ ಫೊಯಾದ್ 1915–16ರಲ್ಲಿ ಹತ್ತು ಕಂತುಗಳಲ್ಲಿ ತೆಗೆದ ‘ಲೆ ವಾಂಪಿರ್’ ಎಂಬ ಮೂಕಿ ಧಾರಾವಾಹಿಯನ್ನು ಮತ್ತೆ ತೆಗೆಯಲು ರೆನೆ ವಿದಾಲ್ ಎಂಬ ಮಾಜಿ ಘಟಾನುಘಟಿ ನಿರ್ದೇಶಕ ಹೊರಟಿದ್ದಾನೆ. ಆ ಪಾತ್ರದಲ್ಲಿ ಜಾನ್-ಪಿಯೆರ್ ಲಿಯೊ. ಮೂಲದಲ್ಲಿ ನಟಿ ಮ್ಯೂಸಿಡೋರಾ ಮಾಡಿದ್ದ ಇರ್ಮಾ ವೆಪ್ ಎಂಬ ಕಪ್ಪುಡುಗೆಯ ಕಳ್ಳಿಯ ಪಾತ್ರಕ್ಕೆ ಅವನು ಹಾಂಗ್‌ಕಾಂಗಿನಿಂದ ನಟಿ ಮ್ಯಾಗಿ ಚೆಂಗ್ ಅವರನ್ನು ಕರೆಸುತ್ತಾನೆ. ಮ್ಯಾಗಿ ಇಲ್ಲಿ ಮ್ಯಾಗಿಯಾಗಿಯೇ ಬರುತ್ತಾರೆ, ಅದೂ ಫ್ರೆಂಚ್ ಬಾರದ ಮ್ಯಾಗಿಯಾಗಿ. ಸೆಟ್ಟಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಹಿಡಿಸದು, ಚಾಡಿ ನಿಲ್ಲದು. ಅಂದಂದು ತೆಗೆದ ದೃಶ್ಯಗಳ ಕಚ್ಚಾ ಪ್ರತಿ (ರಶಸ್) ನೋಡಿದ ರೆನೆಗೆ ತನ್ನ ಕೆಲಸದ ಮೇಲೆಯೇ ಹೇಸಿಗೆ ಹುಟ್ಟುತ್ತದೆ, ಮನಸ್ಸು ಕುಸಿಯುತ್ತದೆ. ಬದಲಿಗೆ ಬಂದ ನಿರ್ದೇಶಕನಿಗೆ ಈ ಪಾತ್ರಕ್ಕೆ ಚೀನಾದವಳೇ ಬೇಡ. ಶೂಟಿಂಗ್ ಮನೆಗಳಲ್ಲಿ ಒಂದಷ್ಟು ದಿನ ಚಹಾ ಕುಡಿದವರಿಗೆ ಇದರಲ್ಲಿ ಹೊಸತೇನೂ ಕಾಣದು. ನಗು ಮಾತ್ರ ಬರುತ್ತದೆ.

ನಾನು ಮೊದಲು ಓಡಿಸಿ ನೋಡಿದ್ದು ಹೋಟೆಲ್ ಮಾಳಿಗೆಯ ದೃಶ್ಯವನ್ನು. ರಾತ್ರಿ ಮ್ಯಾಗಿ ಆ ಕಪ್ಪು ಲ್ಯಾಟೆಕ್ಸ್ ಉಡುಪು ತೊಟ್ಟು, ಯಾರದೋ ಕೋಣೆಗೆ ನುಸುಳಿ, ಒಡವೆ ಕದ್ದು, ಮಾಳಿಗೆ ಏರಿ ಸುರಿಯುವ ಮಳೆಯಲ್ಲಿ ಅದನ್ನು ಕೆಳಗೆ ಎಸೆಯುತ್ತಾರೆ. ನಮ್ಮ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಕಾರಣ ಹೇಳುತ್ತೇನೆ. ದೂಳು ತೆಗೆಯುವ ಸಾಫ್ಟ್‌ವೇರ್ ಒಂದು ಫ್ರೇಮನ್ನು ಅದರ ಹಿಂದಿನ ಮತ್ತು ಮುಂದಿನ ಫ್ರೇಮುಗಳ ಜೊತೆ ಹೋಲಿಸುತ್ತದೆ. ಅಕ್ಕಪಕ್ಕ ಎರಡರಲ್ಲೂ ಇಲ್ಲದ್ದು ನಡುವಿನದರಲ್ಲಿ ಮಾತ್ರ ಕಂಡರೆ ಅದನ್ನು ಕೊಳೆ ಎಂದು ಬಗೆದು, ಪಕ್ಕದ ಫ್ರೇಮಿನಿಂದ ತೇಪೆ ತಂದು ಹಚ್ಚುತ್ತದೆ. ದೂಳಿನ ಕಣ ಒಂದೇ ಫ್ರೇಮಿನಲ್ಲಿ ಇರುತ್ತದೆ, ಸರಿ. ಆದರೆ ಬೀಳುವ ಮಳೆಹನಿಯೂ ಆ ಜಾಗದಲ್ಲಿ ಒಂದೇ ಫ್ರೇಮಿನಷ್ಟು ಹೊತ್ತು ಇರುತ್ತದೆ. ಹಾರುವ ಕಿಡಿ, ಒಡವೆಯ ಹೊಳಪು ಕೂಡ ಹಾಗೆಯೇ. ಯಂತ್ರಕ್ಕೆ ಇವೆಲ್ಲ ಒಂದೇ ಜಾತಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಈ ಗುಂಡಿಗೆ ಬಿದ್ದಿದ್ದೆ. ಸಂಜೆ ಒಂದು ರೀಲನ್ನು ಯಂತ್ರಕ್ಕೆ ಒಪ್ಪಿಸಿ ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ನಾಯಕಿ ತೊಯ್ದು ತೊಪ್ಪೆಯಾಗಿ ಅಳುತ್ತಿದ್ದಾಳೆ, ಆಕಾಶದಿಂದ ಒಂದು ಹನಿಯೂ ಬೀಳುತ್ತಿಲ್ಲ! ಹಿರಿಯರೊಬ್ಬರು ಬೈಯಲಿಲ್ಲ. ಪಕ್ಕಕ್ಕೆ ಕುಳ್ಳಿರಿಸಿಕೊಂಡು, ಹನಿಗಳನ್ನು ಒಂದೊಂದಾಗಿ ಮೂಲದಿಂದ ವಾಪಸು ತರುವುದನ್ನು ಕಲಿಸಿದರು. ಒಂದು ನಿಮಿಷಕ್ಕೆ 1,440 ಫ್ರೇಮು. ಮೂರು ದಿನ ಹಿಡಿಯಿತು.

ಅಸಾಯಸ್ ಡಿಸ್ಕಿನಲ್ಲಿ ಮಳೆ ಮಳೆಯಾಗಿಯೇ ಉಳಿದಿದೆ. ಛಾಯಾಗ್ರಾಹಕ ಎರಿಕ್ ಗೋತಿಯೆ ಇದನ್ನು ಸೂಪರ್ 16 ಎಂಎಂ ಫಿಲ್ಮಿನಲ್ಲಿ, ಹೆಚ್ಚಾಗಿ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದೇ ತೆಗೆದವರು. ಚಿತ್ರೀಕರಣ ಮುಗಿದದ್ದು ಸುಮಾರು ನಾಲ್ಕು ವಾರಗಳಲ್ಲಿ. ಸೂಪರ್ 16ರ ಫ್ರೇಮು 35 ಎಂಎಂ ಫ್ರೇಮಿನ ಕಾಲು ಭಾಗದಷ್ಟಿರುತ್ತದೆ. ಹಾಗಾಗಿ ದೊಡ್ಡದು ಮಾಡಿದಾಗ ಫಿಲ್ಮಿನ ಗ್ರೇನ್, ಅಂದರೆ ಚಿತ್ರ ಮೂಡಿಸುವ ಸಣ್ಣ ಸಣ್ಣ ಕಣಗಳು, ಕಣ್ಣಿಗೆ ರಾಚುತ್ತದೆ. ಮನೆಯ ಟಿವಿಯಲ್ಲಿ ಇದನ್ನು ನೋಡಿದವರು ‘ಚಿತ್ರ ಸ್ವಚ್ಛವಾಗಿಲ್ಲ’ ಎಂದು ಗೊಣಗುವುದುಂಟು. ಆ ಗೊಣಗಾಟಕ್ಕೆ ಹೆದರಿ ಗ್ರೇನ್ ಒರೆಸಿದ ಡಿಸ್ಕುಗಳನ್ನು ಎಷ್ಟೋ ನೋಡಿದ್ದೇನೆ; ನಟರ ಮುಖ ಮೇಣದ ಬೊಂಬೆಯಂತಾಗಿರುತ್ತದೆ. ಇಲ್ಲಿನ 2ಕೆ (ಸುಮಾರು ಎರಡು ಸಾವಿರ ಪಿಕ್ಸೆಲ್ ಅಗಲದ) ದುರಸ್ತಿಯಲ್ಲಿ ಆ ತಪ್ಪು ನಡೆದಿಲ್ಲ. ಶಬ್ದದಲ್ಲೂ ಅಷ್ಟೆ. ಲ್ಯಾಟೆಕ್ಸ್ ಉಡುಪು ನಡೆದಾಗೆಲ್ಲ ಕಿರುಗುಟ್ಟುತ್ತದೆ. ಅತ್ಯುತ್ಸಾಹದ ಶಬ್ದತಂತ್ರಜ್ಞ ಅದನ್ನು ಗದ್ದಲವೆಂದು ಅಳಿಸಿಬಿಟ್ಟಿದ್ದರೆ ಅರ್ಧ ತಮಾಷೆ ಹೋಗುತ್ತಿತ್ತು.

ಇನ್ನು ಕೊನೆಯ ಭಾಗ. ಚಿತ್ರವನ್ನು ನೋಡದವರು ಈ ಎರಡು ಪ್ಯಾರಾ ಬಿಟ್ಟು ಮುಂದೆ ಹೋಗಬಹುದು.

ರೆನೆ ಕೆಲಸ ಬಿಡುವ ಮುನ್ನ ಎಡಿಟ್ ಮಾಡಿಟ್ಟ ತುಣುಕನ್ನು ತಂಡದವರು ಕುಳಿತು ನೋಡುತ್ತಾರೆ. ಕಪ್ಪು-ಬಿಳುಪು ಚಿತ್ರ, ಮಾತಿಲ್ಲ. ಫಿಲ್ಮಿನ ಮೇಲೆಯೇ ಅವನು ಕೆರೆದಿದ್ದಾನೆ, ಗೀಚಿದ್ದಾನೆ. ಮ್ಯಾಗಿಯ ಕಣ್ಣುಗಳಿಂದ ಗೆರೆಗಳು ಕಿರಣಗಳಂತೆ ಚಿಮ್ಮುತ್ತವೆ. 1951ರಲ್ಲಿ ಇಸಿಡೋರ್ ಇಸು ಎಂಬ ಕವಿ ಹೀಗೆ ಫಿಲ್ಮನ್ನು ಕೆರೆದು, ಬಣ್ಣ ಬಳಿದು ಗದ್ದಲ ಎಬ್ಬಿಸಿದ್ದ. ಅದೇ ವಂಶದ ಕೈಬರಹ ಇದು. ಅದುವರೆಗೆ ಅಡ್ಡಾದಿಡ್ಡಿ ಓಡಿದ ಕಥೆಯಲ್ಲಿ ನಿಜವಾಗಿ ಸಿನಿಮಾ ಅನ್ನಿಸುವುದು ಈ ಕೆಲವೇ ನಿಮಿಷ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

ದುರಸ್ತಿಗಾರನ ಕಷ್ಟ ನೋಡಿ: ಇಲ್ಲಿ ಗೀರೇ ಚಿತ್ರ, ಆದರೆ ಗೀರಿನ ನಡುವೆ ನಿಜವಾದ ಕೊಳೆಯೂ ಇರಬಹುದು. ಯಾವುದು ಯಾರದು? ಪ್ರೊಜೆಕ್ಟರಿನಲ್ಲೋ ಕ್ಯಾಮೆರಾದಲ್ಲೋ ಸಿಕ್ಕಿದ ಮರಳ ಕಣ ಮಾಡುವ ಗೀರು ಫಿಲ್ಮು ಓಡುವ ದಿಕ್ಕಿನಲ್ಲಿಯೇ, ಅಂಚಿಗೆ ಸಮಾನಾಂತರವಾಗಿ, ಅಡಿಗಟ್ಟಲೆ ಸಾಗುತ್ತದೆ. ಸಡಿಲವಾಗಿದ್ದ ರೋಲನ್ನು ಎಳೆದು ಬಿಗಿ ಮಾಡಿದಾಗ ಸಣ್ಣ ಸಣ್ಣ ತುಂಡು ಗೀರು ಮೂಡುತ್ತದೆ. ಇವು ಕುರುಡು, ಚಿತ್ರದಲ್ಲಿ ಕಣ್ಣಿದೆಯೋ ಗೋಡೆಯಿದೆಯೋ ನೋಡುವುದಿಲ್ಲ. ಕೈಯಿಂದ ಎಳೆದ ಗೆರೆ ಫ್ರೇಮಿನಿಂದ ಫ್ರೇಮಿಗೆ ನಡುಗುತ್ತದೆ, ಆದರೆ ಕಣ್ಣನ್ನು ಹುಡುಕಿಕೊಂಡು ಬರುತ್ತದೆ. ಇಂಥ ರೀಲಿಗೆ ಬಂದಾಗ ನಾನಾದರೆ ಯಂತ್ರವನ್ನು ಪೂರ್ತಿ ಆರಿಸಿ, ಮೌಸ್ ಹಿಡಿದು ಕೂರುತ್ತೇನೆ. ಡಿಸ್ಕಿಗೆ ಇಳಿಸುವವರಿಗೂ ಇದು ತಲೆನೋವೇ. ವೀಡಿಯೊ ಕುಗ್ಗಿಸುವ ತಂತ್ರ ನಿಂತಿರುವುದು ಒಂದು ಫ್ರೇಮು ಮುಂದಿನದನ್ನು ಬಹುಮಟ್ಟಿಗೆ ಹೋಲುತ್ತದೆ ಎಂಬ ನಂಬಿಕೆಯ ಮೇಲೆ. ಪ್ರತಿ ಫ್ರೇಮಿಗೂ ಗೆರೆ ಬದಲಾದರೆ ಆ ಲೆಕ್ಕ ತಪ್ಪುತ್ತದೆ. ಬ್ಲೂ-ರೇ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ವೀಡಿಯೊ ಕೊಡಬಲ್ಲದಾದ್ದರಿಂದ ತಡೆದುಕೊಳ್ಳುತ್ತದೆ; ಮೊಬೈಲಿಗೆ ಬರುವ ಸಣಕಲು ಸ್ಟ್ರೀಮಿನಲ್ಲಿ ಇದೇ ಗೆರೆಗಳು ಚೌಕಚೌಕವಾಗಿ ಒಡೆಯುತ್ತವೆ.

ಡಿಸ್ಕಿನಲ್ಲಿ ಫೊಯಾದನ ಮೂಲದ ಆರನೆಯ ಕಂತೂ ಇದೆ. ಸಂದರ್ಶನಗಳನ್ನು ಆಮೇಲೆ ನೋಡಿದರೂ ನಡೆಯುತ್ತದೆ. ಇದನ್ನು ಮಾತ್ರ ಚಿತ್ರಕ್ಕಿಂತ ಮೊದಲು ನೋಡಿ.

ಅಂದು ರಾತ್ರಿ ಅಕ್ಕನ ಮಗನೂ ಜೊತೆಗೆ ಕುಳಿತಿದ್ದ. ಕೊನೆಯ ಗೀರುಗಳು ಶುರುವಾದದ್ದೇ ತಡ, ಎದ್ದು ಪ್ಲೇಯರ್ ನಿಲ್ಲಿಸಿ, ಡಿಸ್ಕ್ ಹೊರತೆಗೆದು, ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದ. ‘ಮಾಮ, ಇದರ ಮೇಲೆ ಏನೂ ಇಲ್ಲವಲ್ಲ’ ಎಂದ.