ಡಬಲ್ ಮೀನಿಂಗ್ ಜಾಹೀರಾತು: ಲಕ್ಷಣೆಯೋ, ವ್ಯಂಜನೆಯೋ?

ಜಾಹೀರಾತು ಪೇಪರ್‌ಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಅಭಿಧೆ ಅಂದರೆ ಪದದ ನೇರ ಅರ್ಥ, ಲಕ್ಷಣೆ ಅಂದರೆ ನೇರ ಅರ್ಥ ಹೊಂದದಾಗ ಹಿಡಿಯುವ ನಂಟಿನ ಅರ್ಥ, ವ್ಯಂಜನೆ ಅಂದರೆ ಬಾಯಿಬಿಟ್ಟು ಹೇಳದೆ ಸೂಚಿಸುವ ಅರ್ಥ. ಪೂರ್ತಿ ವ್ಯಾಖ್ಯೆ ನಿಮ್ಮ ನೋಟ್ಸ್‌ನಲ್ಲೇ ಇರುತ್ತದೆ, ಬಿಡಿ. ಪಾನೀಯದ ಜಾಹೀರಾತಿನ ಪೋಲಿ ಅರ್ಥ ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ ಅನ್ನುವುದೇ ತೊಡಕು.

1990ರ ದಶಕದ ಮಿಸ್ಟರ್ ಕಾಫಿ ಜಾಹೀರಾತು ತಗೊಳ್ಳಿ. ಮಲೈಕಾ ಅರೋರಾ, ಅರ್ಬಾಜ್ ಖಾನ್ ಜೋಡಿಯ ಆಪ್ತ ಭಂಗಿ. ಜೊತೆಗೆ, ನಿಜವಾದ ಸುಖ ಇನ್‌ಸ್ಟಂಟಾಗಿ ಬರುವುದಿಲ್ಲ ಅನ್ನುವ ಅರ್ಥದ ಇಂಗ್ಲಿಷ್ ಸಾಲು.

ಥಟ್ಟನೆ ಲಕ್ಷಣೆ ಅಂತ ಬರೆಯೋಣ ಅನಿಸುತ್ತದೆ. ಬೇಡ. ಲಕ್ಷಣೆ ಬರಬೇಕಾದರೆ ಮೊದಲು ನೇರ ಅರ್ಥ ಕೆಡಬೇಕು. ‘ಗಂಗೆಯಲ್ಲಿ ಗೊಲ್ಲರ ಹಟ್ಟಿ’ ಅಂದಾಗ ನೀರಿನ ಮೇಲೆ ಹಟ್ಟಿ ಇರಲಾರದು, ಹಾಗಾಗಿ ದಡ ಅಂದುಕೊಳ್ಳುತ್ತೇವೆ. ಕಾಫಿ ಸಾಲಿನಲ್ಲಿ ನೇರ ಅರ್ಥ ಎಲ್ಲಿ ಕೆಟ್ಟಿತು? ನಮ್ಮ ಚಿಕ್ಕಮಗಳೂರಿನಲ್ಲಿ ಯಾರನ್ನಾದರೂ ಕೇಳಿ. ಚಿಕೋರಿ ಎಷ್ಟು ಅಂತ ಹೇಳಿ ಪುಡಿ ಮಾಡಿಸಿಕೊಂಡು ಬಂದು, ಫಿಲ್ಟರ್‌ಗೆ ಬಿಸಿನೀರು ಹೊಯ್ದು, ಡಿಕಾಕ್ಷನ್ ಹನಿಹನಿಯಾಗಿ ಇಳಿಯುವವರೆಗೆ ಕಾಯುವವರು “ಹೌದಲ್ವಾ, ಸರಿಯಾಗೇ ಇದೆ” ಅನ್ನುತ್ತಾರೆ. ನೇರ ಅರ್ಥ ಗಟ್ಟಿಯಾಗಿ ನಿಂತಿದೆ. ಅದು ನಿಂತಿರುವಾಗಲೇ ಪಕ್ಕದಲ್ಲಿ ಇನ್ನೊಂದು ಕೇಳಿಸುತ್ತದೆ. ಅದು ವ್ಯಂಜನೆ. ಗಂಗೆಯ ಉದಾಹರಣೆಯಲ್ಲೂ ದಡ ಅನ್ನುವುದಷ್ಟೇ ಲಕ್ಷಣೆ. ತಂಪು, ಪಾವಿತ್ರ್ಯ ವ್ಯಂಜನೆ. ಒಂದೇ ವಾಕ್ಯದಲ್ಲಿ ಎರಡನ್ನೂ ಇಟ್ಟು ಪಾಠ ಮಾಡುವುದರಿಂದ ಗೊಂದಲ ಜಾಸ್ತಿ.

ನೇರ ಅರ್ಥ ಗಟ್ಟಿಯಾಗಿದ್ದಷ್ಟೂ ಜಾಹೀರಾತುದಾರರಿಗೆ ಅನುಕೂಲ. ಆಕ್ಷೇಪ ಬಂದರೆ “ನಾವು ಹೇಳಿದ್ದು ಕಾಫಿ ವಿಷಯ, ನೀವೇ ಏನೇನೋ ಅಂದುಕೊಂಡಿರಿ” ಅಂತ ಜಾರಿಕೊಳ್ಳಬಹುದು. ಕಿಲಾಡಿ ಕೆಲಸ.

ನನ್ನ ಶಾರ್ಟ್‌ಕಟ್: ಜೋಡಿಯನ್ನು ಎಬ್ಬಿಸಿ ಅಜ್ಜಿಯನ್ನು ಕೂರಿಸಿ. ಫಿಲ್ಟರ್ ಪಕ್ಕ ಕೂತ ಅಜ್ಜಿ ಅದೇ ಸಾಲು ಹೇಳಿದರೆ ಪೋಲಿ ಅರ್ಥ ಮಾಯ. ಅಂದರೆ ಅದು ಬಂದದ್ದು ಚಿತ್ರದಿಂದ. ಈಗ 2008ರ ಸ್ಲೈಸ್ ಮಾವಿನ ಪಾನೀಯದ ‘ಆಮ್‌ಸೂತ್ರ’ ನೋಡಿ. ಕತ್ರಿನಾ ಕೈಫ್ ಜಾಗಕ್ಕೆ ಅಜ್ಜಿ ಬಂದರೂ ಹೆಸರು ಕಾಮಸೂತ್ರವನ್ನು ನೆನಪಿಸಿಯೇ ತೀರುತ್ತದೆ. ಇಲ್ಲಿ ಚಿತ್ರದ ಜೊತೆ ಹೆಸರಿಗೂ ಪಾಲಿದೆ. ಉತ್ತರದಲ್ಲಿ ಎರಡನ್ನೂ ಬೇರೆ ಬೇರೆ ತೋರಿಸಿ.

ನಿಯಮದ ಭಾಗ ಚಿಕ್ಕದು. 1985ರಲ್ಲಿ ಶುರುವಾದ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯ ಸಂಹಿತೆಯಲ್ಲಿ ಎರಡನೇ ಅಧ್ಯಾಯ ಸಭ್ಯತೆಗೆ ಮೀಸಲು. ಸದ್ಯ ಜನ ಒಪ್ಪುವ ಸಭ್ಯತೆಯೇ ಅಲ್ಲಿ ಅಳತೆ. ಹಾಗಾಗಿ “ನಮ್ಮ ಮನಸ್ಸಿನಲ್ಲಿ ಅದಿರಲಿಲ್ಲ” ಅನ್ನುವ ವಾದಕ್ಕೆ ಅಷ್ಟು ಬಲ ಇಲ್ಲ. ಬ್ರಿಟನ್‌ನಲ್ಲಿ ಮದ್ಯದ ಜಾಹೀರಾತು ಕುಡಿತಕ್ಕೂ ಲೈಂಗಿಕ ಯಶಸ್ಸಿಗೂ ನಂಟು ಕಟ್ಟುವಂತಿಲ್ಲ.

ನಮ್ಮಲ್ಲಿ ಟಿವಿಯಲ್ಲಿ ಮದ್ಯದ ಜಾಹೀರಾತಿಗೇ 1994ರ ಕೇಬಲ್ ನಿಯಮಗಳ ಅಡ್ಡಿ ಇದೆ. ಅದಕ್ಕೇ ಮದ್ಯದ ಹೆಸರನ್ನೇ ಇಟ್ಟುಕೊಂಡ ಸೋಡಾ, ನೀರಿನ ಬಾಟಲಿಯ ಜಾಹೀರಾತು. ಈ ಬದಲಿ ಜಾಹೀರಾತನ್ನು ಡಬಲ್ ಮೀನಿಂಗ್ ಪ್ರಶ್ನೆಗೆ ಸುಮ್ನೆ ತುರುಕಬೇಡಿ. ಅಲ್ಲಿ ಮುಚ್ಚಿಟ್ಟಿರುವುದು ಮಾರುವ ಸರಕನ್ನು. ಕಾಫಿ ಜಾಹೀರಾತಿನಲ್ಲಿ ಸರಕು ಕಣ್ಣೆದುರೇ ಇದೆ.