ಎಲ್ಲದಕ್ಕೂ ಜಾಗತೀಕರಣ ಅನ್ನಬೇಡಿ

ಮೊನ್ನೆ ಶಿರಸಿಯಲ್ಲಿ ಒಂದು ಸಭೆ. ಪೇಟೆಯ ಪಾರ್ಕಿಂಗ್ ವಸೂಲಿಯನ್ನು ಗುತ್ತಿಗೆಗೆ ಕೊಟ್ಟಿದ್ದೂ ಜಾಗತೀಕರಣವಂತೆ! ಅಲ್ಲ ಮಾರಾಯ್ರೆ, ಅದು ಖಾಸಗೀಕರಣ. ಲೈಸೆನ್ಸು, ನಿರ್ಬಂಧ ಸಡಿಲವಾದರೆ ಉದಾರೀಕರಣ. ಸರಕು, ಬಂಡವಾಳ, ಕೆಲಸ ಗಡಿ ದಾಟಿ ಓಡಾಡಿದರೆ ಜಾಗತೀಕರಣ. 1991ರ ಆರ್ಥಿಕ ಸುಧಾರಣೆ ಹೊತ್ತಿಗೆ ಮೂರೂ ಒಟ್ಟಿಗೆ ಸುದ್ದಿಯಾದವು. ಅಂದಿನಿಂದ ಮೂರನ್ನೂ ಒಂದೇ ಚೀಲಕ್ಕೆ ತುಂಬಿಕೊಂಡು ಓಡಾಡುತ್ತಿದ್ದೇವೆ.

ಜಗತ್ ಅನ್ನುವುದರ ಬೇರು ಸಂಸ್ಕೃತದ 'ಹೋಗು' ಅನ್ನುವ ಧಾತು. ಚಲಿಸುತ್ತಲೇ ಇರುವುದು ಜಗತ್ತು. ಅದರಿಂದ ಜಾಗತಿಕ. ಲೆಕ್ಕದ ಪ್ರಕಾರ 'ಜಾಗತಿಕೀಕರಣ' ಆಗಬೇಕಿತ್ತು. ನಾಲಿಗೆ ಒಂದು ಅಕ್ಷರ ನುಂಗಿದೆ, ಬಿಡಿ. ನನ್ನ ತಕರಾರು ಆ 'ಈಕರಣ'ದ ಮೇಲೆ. ಶುದ್ಧ ಇಲ್ಲದ್ದನ್ನು ಶುದ್ಧ ಮಾಡಿದರೆ ಶುದ್ಧೀಕರಣ. ಅಂದರೆ ಮೊದಲು ಹಾಗಿರಲಿಲ್ಲ ಅಂತಾಯ್ತು ಅಲ್ವಾ? ನಮ್ಮ ಕರಾವಳಿಗೆ ಈ ಮಾತು ಹೊಂದುವುದಿಲ್ಲ, ಅದು ಎಂದೋ ಜಗತ್ತಿನ ಪೇಟೆಗೆ ಸೇರಿಕೊಂಡಿತ್ತು. ಹದಿನಾರನೇ ಶತಮಾನದಲ್ಲೇ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಲೇ ಕರೆದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಸುರಿಯಿತು. ಕುಮಟೆಯಲ್ಲಿ ಒಂದು ಹತ್ತಿ ಗಿಡ ಇಲ್ಲದಿದ್ದರೂ ವಿದೇಶಿ ಪೇಟೆಯಲ್ಲಿ ಆ ಹತ್ತಿಗೆ 'ಕುಮಟಾ' ಅಂತಲೇ ಹೆಸರು. 1865ಕ್ಕೆ ಯುದ್ಧ ಮುಗಿಯಿತು, ಧಾರಣೆ ಮಕಾಡೆ ಮಲಗಿತು.

ಈ ಜಾಗತೀಕರಣದಿಂದ ದೇಶಕ್ಕೆ ಲಾಭವೋ ನಷ್ಟವೋ ಅಂತ ಕೇಳಿದರೆ, ದೇಶದಲ್ಲಿ ಯಾರಿಗೆ ಅಂತ ತಿರುಗಿ ಕೇಳಬೇಕು. ವಿಯೆಟ್ನಾಮಿನ ಕಾಳುಮೆಣಸು ಅಗ್ಗಕ್ಕೆ ಬಂದರೆ ಮಸಾಲೆ ಕಾರ್ಖಾನೆಯವರಿಗೆ ಹಬ್ಬ. ಅದರ ಸತ್ವ ತೆಗೆದು ಹೊರದೇಶಕ್ಕೆ ಮಾರುವವರಿಗೂ ಲಾಭ. ಬೆಳೆದವನಿಗೆ ಮಾತ್ರ ಧಾರಣೆ ಕುಸಿತ. ಕೊನೆಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಾಳುಮೆಣಸಿನ ಆಮದಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು. ಅಡಿಕೆಗೂ ಅಂಥದ್ದೇ ಬೇಲಿ ಇದೆ. 2023ರಿಂದ 351 ರೂಪಾಯಿ.

ನಮ್ಮ ಪಕ್ಕದ ತೋಟದ ಭಾವ ಅಂಗಳದಲ್ಲಿ ಮೆಣಸು ಕೈಯಾಡಿಸುತ್ತಾ ಆಮದಿನವರಿಗೆ ಬೈಯುತ್ತಾನೆ. ಬೆಂಗಳೂರಿನ ಮಗ ಅಮೆರಿಕದವರ ಕೆಲಸ ಮಾಡಿ ಕಳಿಸಿದ ದುಡ್ಡಲ್ಲೇ ಆ ಅಂಗಳಕ್ಕೆ ಸಿಮೆಂಟು ಬಿದ್ದಿದ್ದು. ಕೇಳಿದರೆ, "ಅದು ಬೇರೆ, ಇದು ಬೇರೆ" ಅಂತಾನೆ. ಬೇರೆ ಅಲ್ಲ, ಎರಡೂ ಜಾಗತೀಕರಣವೇ.

ಅಂದಹಾಗೆ, ಆ ಪಾರ್ಕಿಂಗ್ ಗುತ್ತಿಗೆದಾರ ಇಲ್ಲೇ ಶಿರಸಿ ಪಕ್ಕದ ಬನವಾಸಿ ಕಡೆಯವನು.