ಬಾಗಿಲಿಗೆ ಬಂದವರು ಯಾರು, ಮೊದಲು ಕೇಳಿ

ಹೋದ ತಿಂಗಳು ಒಬ್ಬ ಹೆಣ್ಣುಮಗಳು ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಅದರಲ್ಲಿ ಮಡಚಿ ಮಡಚಿ ಹರಿಯುವ ಹಾಗಾಗಿದ್ದ ಒಂದು ಲೋನ್ ಕಾರ್ಡ್, ಜೊತೆಗೆ ಅಂಗೈಯಗಲದ ಒಂದು ಚಿಕ್ಕ ಪುಸ್ತಕ. ಕೂತವರೇ ಕೇಳಿದರು. "ಸಾರ್, ಸಂಘದ ಸಾಲ ಇನ್ನು ಕಟ್ಟೋ ಹಾಗಿಲ್ಲ ಅಂತ ಸರ್ಕಾರ ಕಾನೂನು ಮಾಡಿದೆಯಂತೆ. ನಿಜಾನಾ?"

ಸಂಘದ ಸಾಲ ಎಂದರೆ ಗುಂಪು ಕಟ್ಟಿಸಿ ಮೈಕ್ರೋ ಫೈನಾನ್ಸ್ ಕಂಪನಿಗಳು ಕೊಡುವ ಕಿರು ಸಾಲ. ಈ ಪ್ರಶ್ನೆಯನ್ನು ನಾನು ತುಂಬಾ ಸಲ ಕೇಳಿಸಿಕೊಂಡಿದ್ದೇನೆ. ಉತ್ತರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ಸಾಲ ಕೊಟ್ಟವರು ಯಾರು ಎಂಬುದರ ಮೇಲೆ ಅದು ನಿಂತಿದೆ.

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಿಂದ ಬಂದ ಸುದ್ದಿ ನಿಮಗೆ ನೆನಪಿರಬಹುದು. ಕಂತು ಕೇಳುವವರ ಕಾಟ ತಾಳಲಾರದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದರು. ಬೇರೆ ಜಿಲ್ಲೆಗಳಿಂದಲೂ ಇಂಥದೇ ಸುದ್ದಿ ಬಂತು. ಆಗ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲ ಸಲ ಅದನ್ನು ವಾಪಸ್ ಕಳಿಸಿದರು. ಶಿಕ್ಷೆ ಜಾಸ್ತಿಯಾಯಿತು ಎಂಬುದು ಅವರ ಆಕ್ಷೇಪಗಳಲ್ಲಿ ಒಂದು. ವಿವರಣೆ ಕೊಟ್ಟ ಮೇಲೆ ಫೆಬ್ರವರಿ 12ರಂದು ಅದು ಜಾರಿಗೆ ಬಂತು. ಮಾರ್ಚ್‌ನಲ್ಲಿ ವಿಧಾನಮಂಡಲವೂ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕಿರು ಸಾಲ ಮತ್ತು ಸಣ್ಣ ಸಾಲ ವಸೂಲಿಯಲ್ಲಿ ಬಲವಂತ ತಡೆಯುವ ಕಾನೂನು ಇದು.

ಇದರಲ್ಲಿ ಏನಿದೆ? ಸಾಲ ಕೊಡುವ ಸಂಸ್ಥೆ ಜಿಲ್ಲೆಯಲ್ಲಿ ನೋಂದಣಿ ಮಾಡಿಸಬೇಕು. ಸಾಲಕ್ಕೆ ಅಡಮಾನ ಕೇಳುವ ಹಾಗಿಲ್ಲ. ಬಡ್ಡಿ ಎಷ್ಟು ಎಂದು ಮುಚ್ಚಿಡದೆ ಹೇಳಬೇಕು. ಸಾಲಗಾರರನ್ನಾಗಲಿ ಮನೆಯವರನ್ನಾಗಲಿ ಹೆದರಿಸುವುದು, ಅವಮಾನ ಮಾಡುವುದು, ಹಿಂದೆ ಹಿಂದೆ ಓಡಾಡುವುದು, ರೌಡಿಗಳನ್ನು ಕಳಿಸುವುದು, ಮನೆ ಸಾಮಾನು ಎತ್ತಿಕೊಂಡು ಹೋಗುವುದು, ಸರ್ಕಾರದ ಸೌಲಭ್ಯಕ್ಕೆ ಬೇಕಾದ ದಾಖಲೆ ಕಿತ್ತುಕೊಳ್ಳುವುದು, ಇವೆಲ್ಲ ಅಪರಾಧ. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ದೂರು ಕೊಟ್ಟರೆ ಪೊಲೀಸರು ತೆಗೆದುಕೊಳ್ಳುವುದಿಲ್ಲ ಎನ್ನುವ ಹಾಗಿಲ್ಲ. ಇನ್ನೊಂದು ದೊಡ್ಡ ಮಾತೂ ಇದೆ. ನೋಂದಣಿಯೇ ಇಲ್ಲದ ಸಂಸ್ಥೆ ಬಡ, ದುರ್ಬಲ ಕುಟುಂಬಗಳಿಗೆ ಕೊಟ್ಟ ಸಾಲ ಬಡ್ಡಿ ಸಮೇತ ಚುಕ್ತಾ ಆದ ಹಾಗೆ. ಅದನ್ನು ವಸೂಲು ಮಾಡಲು ಸಿವಿಲ್ ಕೋರ್ಟಿಗೂ ಹೋಗುವಂತಿಲ್ಲ.

ಈ ಕೊನೆಯ ಮಾತೇ ಊರೂರು ಸುತ್ತಿ, "ಎಲ್ಲ ಸಾಲವೂ ಮನ್ನಾ" ಎಂದಾಗಿಬಿಟ್ಟಿದೆ. ಇದರಿಂದ ಆಗುತ್ತಿರುವ ನಷ್ಟ ಸಣ್ಣದಲ್ಲ. ಯಾಕೆಂದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆಗಿರುವ ಬ್ಯಾಂಕ್, ಫೈನಾನ್ಸ್ ಕಂಪನಿಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ. ವಾರ ವಾರ ಸೆಂಟರ್ ಮೀಟಿಂಗ್, ಅಂದರೆ ಗುಂಪಿನವರು ಒಂದೆಡೆ ಸೇರಿ ಕಂತು ಕಟ್ಟುವ ಸಭೆ, ನಡೆಸುವ ದೊಡ್ಡ ಮೈಕ್ರೋ ಫೈನಾನ್ಸ್‌ಗಳಲ್ಲಿ ಬಹಳಷ್ಟು ಅಂಥವೇ. ಅಲ್ಲಿ ತೆಗೆದುಕೊಂಡ ಸಾಲ ಹಾಗೇ ಇದೆ. ಕಟ್ಟದೆ ಬಿಟ್ಟರೆ ಬಾಕಿ ಬೆಳೆಯುತ್ತದೆ, ಸಿಬಿಲ್, ಅಂದರೆ ನೀವು ಸಾಲ ಹೇಗೆ ತೀರಿಸಿದ್ದೀರಿ ಎಂದು ಬ್ಯಾಂಕುಗಳು ನೋಡುವ ದಾಖಲೆ, ಕೆಡುತ್ತದೆ, ನಾಳೆ ಮಗಳ ಓದಿಗೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ಅಡ್ಡ ಬರುತ್ತದೆ.

ಹಾಗಾದರೆ ಅಂಥ ಕಂಪನಿಯವರು ಮನೆ ಮುಂದೆ ಕೂತು ಕಿರುಚಬಹುದಾ? ಖಂಡಿತ ಇಲ್ಲ. ಅವರಿಗೆ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ನಿಯಮಗಳು ಹೇಳುವುದನ್ನು ನಾನು ಬಂದವರಿಗೆಲ್ಲ ಓದಿ ಹೇಳುತ್ತೇನೆ, ಏಕೆಂದರೆ ಗೊತ್ತಿರುವವರು ತೀರಾ ಕಡಿಮೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನ ಇಲ್ಲದೆ ಕೊಟ್ಟ ಸಾಲವೇ ಕಿರು ಸಾಲ. ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಕಂತು ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ ನಡೆಯಬೇಕು. ಸತತವಾಗಿ ಎರಡು ಸಲ ಅಥವಾ ಹೆಚ್ಚು ಸಲ ನೀವು ಅಲ್ಲಿಗೆ ಹೋಗದಿದ್ದರೆ ಮಾತ್ರ ಅವರು ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ. ನೆಂಟರಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ ಕಿರುಕುಳ ಕೊಡುವಂತಿಲ್ಲ. ನಿಮ್ಮ ಹೆಸರನ್ನು ನಾಲ್ಕು ಜನಕ್ಕೆ ಕಾಣುವ ಹಾಗೆ ಹಾಕುವಂತಿಲ್ಲ. ಕಂತು ತಡವಾದರೆ ದಂಡ ಬಾಕಿ ಉಳಿದ ಕಂತಿನ ಮೇಲೆ ಮಾತ್ರ, ಪೂರ್ತಿ ಸಾಲದ ಮೇಲೆ ಅಲ್ಲ. ಮೊದಲೇ ತೀರಿಸಿದರೆ ದಂಡವೇ ಇಲ್ಲ.

ಅಡಮಾನವೇ ಇಲ್ಲದ ಸಾಲಕ್ಕೆ ಮನೆಗೆ ಬೀಗ ಹಾಕುವ ಅಧಿಕಾರ ಯಾರಿಗೂ ಇಲ್ಲ. ಮನೆ ಅಡವಿಟ್ಟು ತೆಗೆದುಕೊಂಡ ಸಾಲದ ದಾರಿ ಬೇರೆ. ಅಲ್ಲೂ ಬ್ಯಾಂಕಿನವರು ಮೊದಲು 60 ದಿನದ ನೋಟಿಸ್ ಕೊಡಬೇಕು.

ಇನ್ನು ಲೋನ್ ಕಾರ್ಡ್. ನನ್ನ ಅನುಭವದಲ್ಲಿ ಎಷ್ಟೋ ಜಗಳ ಇದರಿಂದಲೇ ಬಗೆಹರಿಯುತ್ತದೆ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕಾರ್ಡ್ ಕೊಡುವುದು ಕಂಪನಿಯ ಕರ್ತವ್ಯ. ಬಡ್ಡಿ, ಶುಲ್ಕ, ಷರತ್ತು, ಕಟ್ಟಿದ ಪ್ರತಿ ಕಂತು, ದೂರು ಕೇಳುವ ಅಧಿಕಾರಿಯ ಹೆಸರು ಮತ್ತು ಫೋನ್ ನಂಬರ್ ಎಲ್ಲ ಅದರಲ್ಲಿರಬೇಕು. ಕಟ್ಟಿದ ದುಡ್ಡು ಕಾರ್ಡಿಗೆ ಏರದಿದ್ದರೆ ಆಮೇಲೆ ನಿಮ್ಮ ಮಾತಿಗೆ ಆಧಾರ ಇರುವುದಿಲ್ಲ. ದಯವಿಟ್ಟು ಇದನ್ನು ಮರೆಯಬೇಡಿ. ಕಾರ್ಡನ್ನು ಗ್ರೂಪ್ ಲೀಡರ್ ಮನೆಯಲ್ಲಿ ಇಟ್ಟು ಬರಬೇಡಿ. ಎರಡೂ ಬದಿ ಫೋಟೋ ತೆಗೆದು ಮಕ್ಕಳ ಫೋನಿಗೂ ಕಳಿಸಿಡಿ.

ಕಂಪನಿ ತಪ್ಪು ಮಾಡಿದರೆ ಮೊದಲು ಅವರಿಗೇ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಗೆ, ಅಂದರೆ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕ ಇಲ್ಲ. ಸಹಾಯವಾಣಿ 14448. ಸಾಲ ತೀರಿದ ಮೇಲೂ ಸಿಬಿಲ್‌ನಲ್ಲಿ ಬಾಕಿ ಅಂತಲೇ ತೋರಿಸುತ್ತಿದ್ದರೆ ತಿದ್ದಲು ಅರ್ಜಿ ಕೊಡಿ. 30 ದಿನ ಕಳೆದರೂ ತಿದ್ದದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2024ರ ಏಪ್ರಿಲ್‌ನಿಂದ ಇದೆ. ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. 2019ರ ಕಾಯ್ದೆ ಬಂದ ಮೇಲೆ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿಯ ಮುಖ್ಯ ಕಚೇರಿ ಎಲ್ಲಿದ್ದರೂ ಸರಿ. ಎರಡು ವರ್ಷದೊಳಗೆ ಹಾಕಬೇಕು, ಅಷ್ಟೆ.

ಈಗ ಆ ಹೆಣ್ಣುಮಗಳ ಕವರಿಗೆ ಬರೋಣ. ಲೋನ್ ಕಾರ್ಡ್ ಕೊಟ್ಟ ಕಂಪನಿಯ ಹೆಸರು ರಿಸರ್ವ್ ಬ್ಯಾಂಕ್ ವೆಬ್‌ಸೈಟಿನ ಪಟ್ಟಿಯಲ್ಲಿ ಸಿಕ್ಕಿತು. ಚಿಕ್ಕ ಪುಸ್ತಕದ್ದು ಬೇರೆ ಕಥೆ. ಮೇಲೊಂದು ದೇವರ ಚಿತ್ರ, ಒಳಗೆ ಬರೀ ತಾರೀಕು ಮತ್ತು ಅಂಕಿ. ಸಂಸ್ಥೆಯ ಹೆಸರಿಲ್ಲ, ನೋಂದಣಿ ಸಂಖ್ಯೆ ಇಲ್ಲ, ಬಡ್ಡಿ ಎಷ್ಟು ಅಂತ ಎಲ್ಲೂ ಇಲ್ಲ. "ಅವರಿಗೆ ಇನ್ನೇನು ಕೊಟ್ಟಿದ್ದೀರಮ್ಮ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ರೇಷನ್ ಕಾರ್ಡ್ ತಗೊಂಡು ಹೋದರು ಸಾರ್. ನಮ್ಮ ಯಜಮಾನರ ಸಹಿ ಹಾಕಿದ ಎರಡು ಖಾಲಿ ಚೆಕ್ಕೂ ಅವರ ಹತ್ತಿರಾನೇ ಇದೆ" ಎಂದರು.

ಹೊಸ ಕಾನೂನು ಬಂದಿದ್ದೇ ಇಂಥವರಿಗಾಗಿ. ನೋಂದಣಿ ಆಗಿದೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೇಳಿದೆವು. ಠಾಣೆಗೆ ಕೊಟ್ಟ ದೂರಿನಲ್ಲಿ ರೇಷನ್ ಕಾರ್ಡ್ ಕಿತ್ತುಕೊಂಡ ದಿನ, ಹೊತ್ತು, ಅಲ್ಲಿದ್ದವರು ಯಾರು, ಆಡಿದ ಮಾತೇನು ಎಲ್ಲ ಬರೆದೆವು. "ಕಾಟ ಕೊಡುತ್ತಿದ್ದಾರೆ" ಎಂದಷ್ಟೇ ಬರೆದರೆ ದೂರಿಗೆ ಬಲ ಬರುವುದಿಲ್ಲ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಎಸ್‌ಪಿಗೆ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.

ನನಗೆ ಜಾಸ್ತಿ ಚಿಂತೆ ಆಗಿದ್ದು ಆ ಎರಡು ಚೆಕ್ಕಿನದು. ಖಾಲಿ ಚೆಕ್ ಮೇಲೆ ಸಹಿ ನಿಮ್ಮದೇ ಆಗಿದ್ದರೆ, ಮೊತ್ತ ಬೇರೆಯವರು ತುಂಬಿದರೂ, ಅದು ನಿಮ್ಮ ಬಾಕಿಗೆ ಕೊಟ್ಟದ್ದು ಎಂದೇ ಕೋರ್ಟ್ ಮೊದಲು ಭಾವಿಸುತ್ತದೆ. ಅಲ್ಲ ಎಂದು ತೋರಿಸಬೇಕಾದವರು ನೀವು. ಬ್ಯಾಂಕಿಗೆ ಹೇಳಿ ಪೇಮೆಂಟ್ ನಿಲ್ಲಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಹಾಗೆ ವಾಪಸಾದ ಚೆಕ್ಕಿಗೂ ಕೇಸ್ ಹಾಕಬಹುದು. ಚೆಕ್ ಬೌನ್ಸ್ ನೋಟಿಸ್ ಕೈಗೆ ಬಂದರೆ ದುಡ್ಡು ಕೊಡಲು ಇರುವ ಗಡುವು 15 ದಿನ. ಅಷ್ಟರೊಳಗೆ ವಕೀಲರ ಮೂಲಕ ಉತ್ತರ ಹೋಗಲೇಬೇಕು. ಹೆದರಿ ನೋಟಿಸ್ ತೆಗೆದುಕೊಳ್ಳದೆ ಅಂಚೆಯವರನ್ನು ವಾಪಸ್ ಕಳಿಸುವವರಿದ್ದಾರೆ. ಅದರಿಂದ ಕೇಸ್ ನಿಲ್ಲುವುದಿಲ್ಲ, ನಿಮ್ಮ ಮಾತು ಹೇಳುವ ಅವಕಾಶ ಮಾತ್ರ ಹೋಗುತ್ತದೆ. ಪೊಲೀಸ್ ದೂರಿನಲ್ಲಿ ಚೆಕ್ಕಿನ ನಂಬರ್ ಸಮೇತ ಬರೆದಿಟ್ಟರೆ ಮುಂದೆ ಅದೇ ನಿಮ್ಮ ಪರವಾದ ಸಾಕ್ಷಿ.

ವಕೀಲರಿಗೆ ಫೀಸು ಎಲ್ಲಿಂದ ತರಲಿ ಎಂದು ಹಿಂಜರಿಯುವವರಿಗೆ ಒಂದು ಮಾತು. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ವಿಚಾರಿಸಿ. ಇಲ್ಲವೇ 15100ಕ್ಕೆ ಫೋನ್ ಮಾಡಿ.

ದೂರು ಕೊಟ್ಟ ಒಂದು ವಾರಕ್ಕೆ ರೇಷನ್ ಕಾರ್ಡ್ ವಾಪಸ್ ಬಂತು. ಚೆಕ್ ಇನ್ನೂ ಬಂದಿಲ್ಲ, ಅದರ ಬೆನ್ನು ಹತ್ತಿದ್ದೇವೆ. ಸಂಘದ ಕಂತನ್ನು ಅವರು ಪ್ರತಿ ಮಂಗಳವಾರ ಸೆಂಟರ್‌ಗೆ ಹೋಗಿ ಕಟ್ಟುತ್ತಿದ್ದಾರೆ. ಕಾರ್ಡಿಗೆ ಸಹಿ ಬೀಳುವವರೆಗೂ ಅಲ್ಲಿಂದ ಏಳುವುದಿಲ್ಲವಂತೆ.